ಕ್ಯಾಂಪಿಂಗ್‌ಗೆ ಕಡಿಮೆ ಖರ್ಚಿನ ಗ್ರಾವಿಟಿ ವಾಟರ್ ಫಿಲ್ಟರ್ ಯಾವುದು? ಹಿಂಡಿ ಹಿಂಡಿ ಕೈ ಬಿದ್ದೋಗಿದೆ

ಟೆಂಟ್‌ಗುಬ್ಬಿ
ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ಕೊಂಡಿದ್ದೆ, ಈಗ ಕೇಳೋ ಹಂಗಾಗಿದೆ. ನಾವು ಐದು ಜನ, ನಾನು, ನಮ್ಮೆಜಮಾನ್ರು, ಮೂರು ಮಕ್ಕಳು. ಎರಡು ಮೂರು ರಾತ್ರಿ ಹೊಳೆ ಹತ್ರ ಟೆಂಟ್ ಹಾಕ್ಕೊಂಡು ಇರ್ತೀವಿ. ನೀರಿಗೆ ಇಷ್ಟು ದಿನ ಆ ಚೀಲ ಹಿಂಡೋ ಫಿಲ್ಟರ್ ಇತ್ತು, 0.1 ಮೈಕ್ರಾನ್ ರಂಧ್ರದ್ದು (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಒಬ್ಬರಿಬ್ಬರಿಗೆ ಸರಿ, ಐದು ಜನಕ್ಕೆ ಕುಡಿಯೋಕೆ ಅಡುಗೆಗೆ ಅಂತ ದಿನಕ್ಕೆ 15 ಲೀಟರ್ ಹಿಂಡೋದಂದ್ರೆ ಅದಕ್ಕಿಂತ ಕಂಬಳಿ ಒಗೆಯೋದೇ ವಾಸಿ. ಹೋದ ಸಲ ಹಿಂಡ್ತಾ ಹಿಂಡ್ತಾ ಚೀಲದ ಅಂಚು ಬಿಟ್ಕೊಂಡು ಅಷ್ಟೂ ನೀರು ನನ್ನ ಮಡಿಲಿಗೆ, ರಾತ್ರಿ ಚಳೀಲಿ.

ಹಂಗಾಗಿ ಮರಕ್ಕೆ ನೇತು ಹಾಕಿ ಬಿಟ್ರೆ ತಾನಾಗೇ ಇಳಿಯೋ ಥರದ್ದು ಬೇಕು. ನೋಡಿದ್ರೆ ಬ್ರ್ಯಾಂಡೆಡ್ ಕಿಟ್‌ಗಳ ರೇಟು ನೋಡೇ ಬಾಯಾರುತ್ತೆ. 0.1 ಒಳ್ಳೇದಾ 0.2 ಒಳ್ಳೇದಾ, ದೊಡ್ಡ ಚೀಲ ತಗೊಂಡ್ರೆ ಬೇಗ ಇಳಿಯುತ್ತಾ, ಕಾರ್ಬನ್ (ಇದ್ದಿಲ) ಫಿಲ್ಟರೂ ಬೇಕಾ, ಏನೂ ಗೊತ್ತಾಗ್ತಿಲ್ಲ. ಬಳಸಿದೋರು ಹೇಳಿ.

ಕೆಟಲ್‌ರಾಯ
ಕುದಿಸಿ ಕುಡೀರಿ. ಫಿಲ್ಟರೂ ಬೇಡ ಗಿಲ್ಟರೂ ಬೇಡ.

ಟೆಂಟ್‌ಗುಬ್ಬಿ
15 ಲೀಟರ್ ಕುದಿಸೋಕೆ ಗ್ಯಾಸ್ ನೀವು ಹೊತ್ಕೊಂಡು ಬರ್ತೀರಾ ಸಾರ್?

ಹರಿವಿನಹುಚ್ಚ
ಮೇಡಂ ನಿಲ್ಲಿ, ಏನೂ ಹೊಸದು ತಗೋಬೇಡಿ, ನಿಮ್ಮ ಹತ್ರ ಮುಕ್ಕಾಲು ಪಾಲು ಆಗ್ಲೇ ಇದೆ. ಹಿಂಡೋ ಫಿಲ್ಟರ್‌ಗೂ ಗ್ರಾವಿಟಿ ಫಿಲ್ಟರ್‌ಗೂ ಒಳಗಿರೋ ಸಾಮಾನು ಒಂದೇ, ಹಾಲೋ ಫೈಬರ್ ಅಂತಾರೆ, ಸೇವಿಗಿಂತ ಸಣ್ಣ ಪೊಳ್ಳು ನಳಿಗೆಗಳ ಕಟ್ಟು, ಅವುಗಳ ಗೋಡೇಲಿರೋ ರಂಧ್ರದಲ್ಲಿ ನೀರು ತೂರ್ಕೊಂಡು ಒಳಗೆ ಹೋಗುತ್ತೆ, ಕೊಳೆ ಹೊರಗೇ ಉಳಿಯುತ್ತೆ. ಅದಕ್ಕೆ ನೀರು ತಳ್ಳೋದು ನಿಮ್ಮ ಕೈಯಾ ಭೂಮಿಯಾ ಅನ್ನೋದಷ್ಟೇ ವ್ಯತ್ಯಾಸ. ಕಂಪನಿಯೋರು ಅದೇ ಫಿಲ್ಟರ್‌ಗೆ ಎರಡು ಚೀಲ, ಒಂದು ಪೈಪು, ಒಂದು ಕ್ಲಿಪ್ಪು ಸೇರಿಸಿ ಗ್ರಾವಿಟಿ ಸಿಸ್ಟಮ್ ಅಂತ ಮಾರ್ತಾರೆ, ದುಡ್ಡು ಹೋಗೋದು ಅಲ್ಲೇ.

ನೀವು ಮಾಡ್ಬೇಕಾಗಿರೋದು ಇಷ್ಟೇ. ಮೇಲಗಡೆಗೆ ಒಂದು ಗಟ್ಟಿ ಚೀಲ, ತಳದಲ್ಲಿ ನಳಿಗೆ ಇರೋದು. ಒಂದು ಒಂದೂವರೆ ಮೀಟರ್ ಪೈಪು, ಕುಡಿಯೋ ನೀರಿಗೆ ಅಂತಲೇ ಬರೋದು, ಗಾರ್ಡನ್ ಪೈಪ್ ಬೇಡ. ಪೈಪಿನ ಕೆಳ ತುದೀಲಿ ಫಿಲ್ಟರ್. ಅದರ ಕೆಳಗೆ ಕ್ಯಾನ್. ಮುಗೀತು.

ಜೋಳಿಗೆ_ಬೇಟೆಗಾರ
+1. ನಾನೂ ಹಂಗೇ ಮಾಡಿರೋದು, ರೆಡಿಮೇಡ್ ಕಿಟ್‌ಗೆ ಹೋಗೋ ಖರ್ಚಿನ ಅರ್ಧಕ್ಕಿಂತ ಕಮ್ಮೀಲಿ ಆಯ್ತು. ತುಂಬಾ ಫಿಲ್ಟರ್‌ಗಳ ಬಾಯಿ ಸೋಡಾ ಬಾಟಲ್ ತಿರುಪಿನ ಅಳತೇಗೆ ಇರುತ್ತೆ, 28 ಮಿಲಿಮೀಟರ್, ಹಂಗಾಗಿ ಅಡಾಪ್ಟರ್ ಸುಲಭವಾಗಿ ಸಿಗುತ್ತೆ. ತಗೊಳ್ಳೋ ಮುಂಚೆ ನಿಮ್ದು ಯಾವ ಅಳತೆ ಅಂತ ನೋಡ್ಕೊಳಿ, ಕೆಲವು ಅಗಲ ಬಾಯಿಯವು ಕೂರಲ್ಲ.

ದೊಡ್ಡಚೀಲ
ಚೀಲ ಮಾತ್ರ 10 ಲೀಟರ್‌ದೇ ತಗೊಳಿ, ನೀರಿನ ಭಾರ ಜಾಸ್ತಿ ಇದ್ದಷ್ಟೂ ಬೇಗ ಇಳಿಯುತ್ತೆ.

ಹರಿವಿನಹುಚ್ಚ
@ದೊಡ್ಡಚೀಲ ಇಲ್ಲ ಗುರೂ, ಇದು ಎಲ್ರೂ ಮಾಡೋ ತಪ್ಪು. ಒತ್ತಡ ಬರೋದು ಎತ್ತರದಿಂದ, ಎಷ್ಟು ಲೀಟರ್ ಇದೆ ಅನ್ನೋದರಿಂದ ಅಲ್ಲ. ಒಂದು ಮೀಟರ್ ನೀರಿನ ಕಂಬ ಅಂದ್ರೆ ಸುಮಾರು 0.1 ಬಾರ್, ಆ ಕಂಬ ಬೆರಳಷ್ಟು ದಪ್ಪ ಇದ್ರೂ ಅಷ್ಟೇ, ಬಾವಿಯಷ್ಟು ಅಗಲ ಇದ್ರೂ ಅಷ್ಟೇ.

ದೊಡ್ಡಚೀಲ
ಅದು ಪುಸ್ತಕದಲ್ಲಿ. ನಂದು ಚೀಲ ತುಂಬ ಇದ್ದಾಗ ಬೇಗ ಬರುತ್ತೆ, ಖಾಲಿ ಆಗ್ತಾ ಆಗ್ತಾ ನಿಧಾನ ಆಗುತ್ತೆ. ಕಣ್ಣಾರೆ ನೋಡಿದೀನಿ.

ಹರಿವಿನಹುಚ್ಚ
ಯಾಕಂದ್ರೆ ತುಂಬ ಇದ್ದಾಗ ನೀರಿನ ಮಟ್ಟ ಮೇಲಿರುತ್ತೆ! ಅದೂ ಎತ್ತರಾನೇ. ನಿಮ್ಮ ಚೀಲಾನ ಇನ್ನೊಂದು ಕೊಂಬೆ ಮೇಲಕ್ಕೆ ಕಟ್ಟಿ ನೋಡಿ. ನಾನು ಮನೇಲಿ ಗಡಿಯಾರ ಹಿಡ್ಕೊಂಡು ಅಳೆದಿದ್ದೆ, ಕೆಲಸ ಇರ್ಲಿಲ್ಲ ಅನ್ಕೊಳಿ. ನೀರಿನ ಮಟ್ಟದಿಂದ ಬಾಯಿಗೆ 60 ಸೆಂಟಿಮೀಟರ್ ಇದ್ದಾಗ ಒಂದು ಲೀಟರ್‌ಗೆ 4 ನಿಮಿಷ. ಅದೇ ಫಿಲ್ಟರು, ಅದೇ ನೀರು, 150 ಸೆಂಟಿಮೀಟರ್‌ಗೆ ಏರಿಸಿದ್ದಕ್ಕೆ 1 ನಿಮಿಷ 40 ಸೆಕೆಂಡ್. ಎತ್ತರ ಎರಡೂವರೆ ಪಟ್ಟು, ವೇಗಾನೂ ಹತ್ರಹತ್ರ ಎರಡೂವರೆ ಪಟ್ಟು. ಒಂದು ಮೀಟರ್ ಪೈಪಿಗೆ ಕೊಡೋ ಕಾಸು ಯಾವ ಹೊಸ ಫಿಲ್ಟರ್‌ಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತೆ.

ದೊಡ್ಡಚೀಲ
ಹೂಂ. ಕಟ್ಟಿ ನೋಡ್ತೀನಿ. ಆದ್ರೂ 10 ಲೀಟರ್ ಚೀಲದ ಸುಖಾನೇ ಬೇರೆ, ಹೊಳೆಗೆ ಎರಡು ಸಲ ಓಡಾಡೋದು ತಪ್ಪುತ್ತೆ.

ಪಾಯಿಂಟ್‌ನಾಲ್ಕು
ಅಕ್ಕ, ಮೊದ್ಲು ನೀರಿನ ಟಿಡಿಎಸ್ ಚೆಕ್ ಮಾಡಿ. ನಾನು ಪ್ರತೀ ಟ್ರಿಪ್‌ಗೂ ಮೀಟರ್ ತಗೊಂಡು ಹೋಗ್ತೀನಿ. 100ಕ್ಕಿಂತ ಕಮ್ಮಿ ಇದ್ರೆ ನೇರವಾಗಿ ಕುಡೀಬಹುದು.

ಲ್ಯಾಬ್‌ಕೋಟು
@ಪಾಯಿಂಟ್‌ನಾಲ್ಕು ದಯವಿಟ್ಟು ಹಿಂಗೆಲ್ಲ ಹೇಳ್ಬೇಡಿ, ಯಾರಾದ್ರೂ ನಂಬಿ ಕುಡಿದಾರು. ಟಿಡಿಎಸ್ ಮೀಟರ್ ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಕರಗಿರೋ ಉಪ್ಪಿನ ಅಂದಾಜು ಹೇಳೋದು. ಬ್ಯಾಕ್ಟೀರಿಯಾ ಉಪ್ಪಲ್ಲ. ಬೆಟ್ಟದ ತೊರೇಲಿ ಟಿಡಿಎಸ್ 30 ಇರಬಹುದು, ಮೇಲಗಡೆ ಒಂದು ದನ ಸಗಣಿ ಹಾಕಿದ್ರೂ ಮೀಟರ್ ಮುಳ್ಳು ಅಲುಗಾಡಲ್ಲ. ಹಂಗೇ ಉಲ್ಟಾನೂ ನಿಜ, ಹಾಲೋ ಫೈಬರ್‌ನಲ್ಲಿ ಸೋಸಿದ ಮೇಲೂ ಟಿಡಿಎಸ್ ಅಷ್ಟೇ ತೋರಿಸುತ್ತೆ, ಅದನ್ನ ನೋಡಿ ಫಿಲ್ಟರ್ ಕೆಲಸ ಮಾಡ್ತಿಲ್ಲ ಅಂತ ವಾಪಸ್ ಕಳಿಸೋರೂ ಇದಾರೆ. ಅದು ಉಪ್ಪು ತೆಗೆಯೋಕೆ ಮಾಡಿದ್ದೇ ಅಲ್ಲ.

ಪಾಯಿಂಟ್‌ನಾಲ್ಕು
ಮೀಟರ್‌ನಲ್ಲಿ ಮುಳ್ಳಿರಲ್ಲ ಸಾರ್, ಡಿಜಿಟಲ್ ಇರುತ್ತೆ 😄 ಆದ್ರೆ ಒಪ್ಪಿದೆ. ಹತ್ತು ಟ್ರಿಪ್ ಕುಡಿದಿದೀನಿ ಏನೂ ಆಗಿಲ್ಲ ಮಾತ್ರ.

ಲ್ಯಾಬ್‌ಕೋಟು
ಹೆಲ್ಮೆಟ್ ಇಲ್ದೆ ಹತ್ತು ಸಲ ಹೋಗಿ ಬಂದೋರೂ ಇದೇ ಮಾತು ಹೇಳ್ತಾರೆ.

0.1, 0.2 ಬಗ್ಗೆ ಕೇಳಿದ್ರಲ್ಲ ಮೇಡಂ. ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ಅಂತ ಹೊಟ್ಟೆ ಕೆಡಿಸೋ ಪರಾವಲಂಬಿ ಜೀವಿಗಳಿವೆ, ಜಿಯಾರ್ಡಿಯಾದ ಗಟ್ಟಿ ಕೋಶ 8ರಿಂದ 12 ಮೈಕ್ರಾನ್, ಕ್ರಿಪ್ಟೋಸ್ಪೊರಿಡಿಯಂದು 4ರಿಂದ 6. ಹೊಟ್ಟೆ ಕೆಡಿಸೋ ಸಾಮಾನ್ಯ ಬ್ಯಾಕ್ಟೀರಿಯಾ ಅರ್ಧ ಮೈಕ್ರಾನ್ ದಪ್ಪ, ಒಂದೆರಡು ಮೈಕ್ರಾನ್ ಉದ್ದ. ಅಂದ್ರೆ 0.2 ಜಾಲರೀಲೇ ಇವೆಲ್ಲ ಸಿಕ್ಕಾಕ್ಕೊಳ್ತವೆ. ಪ್ಲಾಟಿಪಸ್ ಗ್ರಾವಿಟಿವರ್ಕ್ಸ್ 0.2, ಸಾಯರ್ ಮತ್ತೆ ಕಟಾಡಿನ್ ಬಿಫ್ರೀ 0.1, ಈ ವಿಷಯಕ್ಕೆ ಒಂದರ ಮೇಲೊಂದು ಜಗಳ ಕಾಯೋದು ವೇಸ್ಟ್. ಎರಡರಲ್ಲೂ ತಪ್ಪಿಸ್ಕೊಳ್ಳೋದು ವೈರಸ್. ಹೆಪಟೈಟಿಸ್ ಎ ವೈರಸ್ 0.03 ಮೈಕ್ರಾನ್ ಸುತ್ತಮುತ್ತ, ಆ ತೂತಲ್ಲಿ ಆನೆ ಬಾಗಿಲಲ್ಲಿ ಇರುವೆ ಹೋದಂಗೆ ಹೋಗುತ್ತೆ.

ಮಂಜಿನದಾರಿ
ವೈರಸ್ ಎಲ್ಲ ಹೆದರಿಸೋಕೆ ಹೇಳೋದು. ಕಾಡಲ್ಲಿ ಎಲ್ಲಿಂದ ಬರುತ್ತೆ ವೈರಸ್ಸು?

ಲ್ಯಾಬ್‌ಕೋಟು
ಮನುಷ್ಯರಿಂದ. ನೀವು ಮೇಲೆ ಯಾರೂ ಇಲ್ಲದ ತೊರೆ ನೀರು ಕುಡೀತಿದ್ರೆ ಭಯ ಕಮ್ಮಿ, ಒಪ್ತೀನಿ. ಮೇಲ್ಗಡೆ ಊರಿದೆ, ಇಲ್ಲಾ ದಿನಾ ನೂರಾರು ಜನ ಬಂದು ಹೋಗೋ ಕ್ಯಾಂಪ್‌ಸೈಟ್ ಇದೆ ಅಂದ್ರೆ ಕಮ್ಮಿ ಅಲ್ಲ. ಮೂರು ಮಕ್ಕಳಿರೋರಿಗೆ ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡಲ್ಲ. ಊರ ಕೆಳಗಿನ ನೀರಾದ್ರೆ ಸೋಸಿದ ಮೇಲೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಹಾಕಿ, ಪ್ಯಾಕೆಟ್ ಮೇಲೆ ಎಷ್ಟು ಲೀಟರ್‌ಗೆ ಒಂದು ಅಂತ ಇರುತ್ತೋ ಅಷ್ಟಕ್ಕೆ, ಅರ್ಧ ಗಂಟೆ ಬಿಡಿ. ಬರೀ ಮಾತ್ರೇನೇ ನಂಬ್ಕೊಂಡ್ರೆ ಕ್ರಿಪ್ಟೋಗೆ 4 ಗಂಟೆ ಕಾಯ್ಬೇಕು, ಅದನ್ನ ಫಿಲ್ಟರ್ ಆಗ್ಲೇ ಹಿಡ್ಕೊಂಡಿರೋದರಿಂದ ನಿಮಗೆ ಅರ್ಧ ಗಂಟೆ ಸಾಕು. ಮೊದ್ಲು ಸೋಸಿ ಆಮೇಲೆ ಮಾತ್ರೆ, ಉಲ್ಟಾ ಅಲ್ಲ, ಕದಡಿದ ನೀರಲ್ಲಿ ಮಾತ್ರೆ ಕೆಸರಿಗೇ ಖರ್ಚಾಗೋಗುತ್ತೆ.

ವೈರಸ್ಸನ್ನೂ ಹಿಡಿಯೋ 0.02 ಮೈಕ್ರಾನಿನ ಗ್ರಾವಿಟಿ ಪ್ಯೂರಿಫೈಯರೂ ಇದೆ, ಎಮ್‌ಎಸ್‌ಆರ್ ಗಾರ್ಡಿಯನ್ ಅಂತ, ಆದ್ರೆ ಈ ಥ್ರೆಡ್ಡಿನ ಹೆಸರಲ್ಲಿ ಕಡಿಮೆ ಖರ್ಚು ಅಂತ ಇದೆ.

ಕೆಟಲ್‌ರಾಯ
ಕುದಿಸಿದ್ರೆ ವೈರಸ್ಸೂ ಸಾಯುತ್ತೆ, ಬ್ಯಾಕ್ಟೀರಿಯಾನೂ ಸಾಯುತ್ತೆ. ನಾನು ಮೊದಲೇ ಹೇಳಿದ್ದೆ.

ಲ್ಯಾಬ್‌ಕೋಟು
ಸಾಯುತ್ತೆ ರಾಯರೇ, ಒಂದು ನಿಮಿಷ ಚೆನ್ನಾಗಿ ಮರಳಿದ್ರೆ ಸಾಕು, 2000 ಮೀಟರ್ ಮೇಲೆ ಹೋದ್ರೆ ಮೂರು ನಿಮಿಷ. ಹೆಂಗೂ ಅಡುಗೆಗೆ ಕುದಿಯೋ ನೀರನ್ನ ಸೋಸೋದೇ ಬೇಡ, ಅಷ್ಟು ಕೆಲಸ ಕಮ್ಮಿ. ನಿಮ್ಮ ಮಾತು ಅರ್ಧ ಗೆದ್ದಿದೆ.

ಟೆಂಟ್‌ಗುಬ್ಬಿ
ಅಯ್ಯೋ ಹೌದಲ್ಲ! ಇಷ್ಟು ದಿನ ಅಡುಗೆ ನೀರನ್ನೂ ಹಿಂಡಿ ಹಿಂಡಿ ಆಮೇಲೆ ಕುದಿಸ್ತಿದ್ದೆ. ನಮ್ಮೆಜಮಾನ್ರು ಒಂದು ದಿನಾನೂ ಹೇಳ್ಲಿಲ್ಲ, ಪಕ್ಕದಲ್ಲೇ ಕೂತು ನೋಡ್ತಿದ್ರು.

ಜೋಳಿಗೆ_ಬೇಟೆಗಾರ
ನೋಡೋಕೆ ಚೆನ್ನಾಗಿತ್ತೇನೋ ಪಾಪ.

ಹಳೇಬಿಂದಿಗೆ
ಎಲ್ಲ ಈಗಿನ ಪ್ಲಾಸ್ಟಿಕ್ ನಳಿಗೆ ಬಗ್ಗೆನೇ ಮಾತಾಡ್ತಿದೀರಿ. ಸೆರಾಮಿಕ್ ಕ್ಯಾಂಡಲ್ ಏನು ತಪ್ಪು ಮಾಡ್ತು? ಎರಡು ಬಕೆಟ್ ಒಂದರ ಮೇಲೊಂದು, ಮೇಲಿನದರ ತಳಕ್ಕೆ ಕ್ಯಾಂಡಲ್, ಕೆಳಗಿನದಕ್ಕೆ ನಲ್ಲಿ. ಕಟ್ಕೊಂಡ್ರೆ ಬ್ರಷ್‌ನಲ್ಲಿ ಉಜ್ಜಿ, ಹೊಸ ಪದರ ಬರುತ್ತೆ, ಮತ್ತೆ ಓಡುತ್ತೆ. ಕಾರಲ್ಲಿ ಹೋಗಿ ಒಂದೇ ಜಾಗದಲ್ಲಿ ಮೂರು ದಿನ ಕೂರೋರಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ನಿಧಾನ, ಒಪ್ತೀನಿ, ಗಂಟೆಗೆ ಒಂದೆರಡು ಲೀಟರ್. ರಾತ್ರಿ ತುಂಬಿಸಿ ಮಲಗಿದ್ರೆ ಬೆಳಿಗ್ಗೆ ರೆಡಿ. ಇದು ನೂರು ವರ್ಷ ದಾಟಿದ ವಿದ್ಯೆ. 1884ರಲ್ಲಿ ಪಾಶ್ಚರ್ ಜೊತೆ ಕೆಲಸ ಮಾಡ್ತಿದ್ದ ಶಾಂಬರ್ಲಾಂಡ್ ಪಿಂಗಾಣಿ ಕೊಳವೇಲಿ ಬ್ಯಾಕ್ಟೀರಿಯಾ ಸೋಸಿ ತೋರಿಸಿದ.

ಮಂಜಿನದಾರಿ
ಮತ್ತೆ ಆ ಕೊಳವೆಯಿಂದಲೇ ವೈರಸ್ ಅನ್ನೋದೊಂದಿದೆ ಅಂತ ಗೊತ್ತಾಗಿದ್ದಲ್ವಾ? ತಂಬಾಕಿನ ಎಲೆ ರೋಗದ ರಸ ಅದರಲ್ಲಿ ಸೋಸಿದ್ರೂ ರೋಗ ಹರಡ್ತು ಅಂತ. ರಷ್ಯಾದ ವಿಜ್ಞಾನಿ ಇವಾನೋವ್ಸ್ಕಿ, 1892. ನಾನೇ ಮೇಲೆ ವೈರಸ್ ಇಲ್ಲ ಅಂತ ವಾದ ಮಾಡಿದ್ದು, ನಾನೇ ಸೋತೆ.

ಹಳೇಬಿಂದಿಗೆ
ಶಭಾಷ್. ಅದೇ 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂತು, 8 ಸಾವಿರಕ್ಕಿಂತ ಹೆಚ್ಚು ಜನ ಸತ್ರು. ಪಕ್ಕದಲ್ಲೇ ಆಲ್ಟೋನಾ ಅಂತ ಊರು, ಬೀದಿಗೆ ಬೀದಿ ಅಂಟಿಕೊಂಡಿರೋದು, ಅದೇ ಎಲ್ಬೆ ನದಿ ನೀರು, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲೆ ಎತ್ತೋದು. ಅಲ್ಲಿ ಸಾವು ತುಂಬಾ ಕಮ್ಮಿ. ಯಾಕೆ? ಆಲ್ಟೋನಾದೋರು ಮರಳಲ್ಲಿ ನಿಧಾನಕ್ಕೆ ಇಳಿಸಿ ಸೋಸ್ತಿದ್ರು, ಹ್ಯಾಂಬರ್ಗ್‌ನೋರು ಹಂಗೇ ಬಿಡ್ತಿದ್ರು. ಗ್ರಾವಿಟಿ ಫಿಲ್ಟರ್ ಅಂದ್ರೆ ಇದಪ್ಪ.

ಜೋಳಿಗೆ_ಬೇಟೆಗಾರ
ಕಥೆ ಭಾಳ ಚೆನ್ನಾಗಿದೆ ತಾತ, ಆದ್ರೆ ಕ್ಯಾಂಡಲ್ ಕೆಳಗೆ ಬಿದ್ರೆ ಬಿರುಕು ಬಿಡುತ್ತೆ, ಕೂದಲೆಳೆ ಬಿರುಕು ಕಣ್ಣಿಗೂ ಕಾಣಲ್ಲ. ಕಾರಿನ ಡಿಕ್ಕೀಲಿ ಬಕೆಟ್ ಸಮೇತ ಕುಲುಕಾಡ್ಕೊಂಡು ಹೋಗೋಕೆ ನಂಗೆ ಧೈರ್ಯ ಇಲ್ಲ.

ಗಾಳಿಗಂಟು
ಬಿರುಕು ಅಂದಾಗ ನೆನಪಾಯ್ತು. ಹಾಲೋ ಫೈಬರ್ ಇರೋರೆಲ್ಲ ಕೇಳಿಸ್ಕೊಳಿ, ಒಂದ್ಸಲ ನೀರು ತಾಗಿದ ಫಿಲ್ಟರ್ ಹೆಪ್ಪುಗಟ್ಟೋಕೆ ಬಿಡ್ಬೇಡಿ. ಒಳಗಿರೋ ನೀರು ಮಂಜಾಗಿ ಹಿಗ್ಗಿ ನಳಿಗೆ ಹರಿದು ಹಾಕುತ್ತೆ, ಹೊರಗಿಂದ ಏನೂ ಗೊತ್ತಾಗಲ್ಲ. ಗೊತ್ತಾಗೋದು ಒಂದೇ, ನೀರು ಇದ್ದಕ್ಕಿದ್ದಂಗೆ ಜೋರಾಗಿ ಬರುತ್ತೆ. ನಾನು ಆ ದಡ್ಡ, ಬೆಳಿಗ್ಗೆ ಎದ್ದು ನೋಡಿ ಆಹಾ ಇವತ್ತು ಎಷ್ಟು ಚೆನ್ನಾಗಿ ಹರೀತಿದೆ ಅಂತ ಖುಷಿಪಟ್ಟೋನು. ಒಂದು ವಾರ ಆದ್ಮೇಲೆ ಶುರುವಾಯ್ತು, ಮೂರು ದಿನ ಬಚ್ಚಲುಮನೆ ಬಿಟ್ಟು ಈಚೆ ಬಂದಿಲ್ಲ. ಚಳಿ ಜಾಗದಲ್ಲಿ ಫಿಲ್ಟರ್‌ನ ಚೀಲಕ್ಕೆ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಕೊಂಡು ಮಲಗಿ, ಮಗು ಥರ.

ಅನುಮಾನ ಇದ್ರೆ ಊದಿ ನೋಡಬಹುದು. ಪೂರ್ತಿ ಒದ್ದೆ ಆಗಿರೋ ಫಿಲ್ಟರ್‌ಗೆ ಬಾಯಲ್ಲಿ ಊದಿದ್ರೆ ಗಾಳಿ ಆ ಕಡೆ ಹೋಗಬಾರದು, ಅಷ್ಟು ಸಣ್ಣ ರಂಧ್ರದಲ್ಲಿ ನೀರು ಬಿಗಿಯಾಗಿ ಹಿಡ್ಕೊಂಡಿರುತ್ತೆ. ಸಲೀಸಾಗಿ ಹೋಯ್ತು ಅಂದ್ರೆ ಕಸಕ್ಕೆ. ಕೆಲವು ಮಾಡೆಲ್‌ನಲ್ಲಿ ಗಾಳಿ ಹೋಗೋಕಂತಲೇ ಬೇರೆ ದಾರಿ ಇರುತ್ತೆ, ಅದಕ್ಕೆ ಈ ಪರೀಕ್ಷೆ ನಡೆಯಲ್ಲ, ಮ್ಯಾನ್ಯುಯಲ್ ಓದಿ.

ಟೆಂಟ್‌ಗುಬ್ಬಿ
@ಗಾಳಿಗಂಟು ಅಂದ್ರೆ ಫಿಲ್ಟರ್ ಆಯಸ್ಸು ಅಂತ ಕಂಪನಿಯೋರು ಹೇಳೋ 1 ಲಕ್ಷ ಗ್ಯಾಲನ್, 1000 ಲೀಟರ್ ಅನ್ನೋದೆಲ್ಲ?

ಗಾಳಿಗಂಟು
ಲೆಕ್ಕ ಬರೀ ಪೇಪರ್ ಮೇಲೆ ಅಕ್ಕ. ದಿನಕ್ಕೆ 15 ಲೀಟರ್ ಅಂದ್ರೂ 1 ಲಕ್ಷ ಗ್ಯಾಲನ್ ಮುಗಿಸೋಕೆ ವರ್ಷಪೂರ್ತಿ ಕ್ಯಾಂಪ್ ಹಾಕಿದ್ರೂ ಅರವತ್ತೆಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಒಂದ್ಸಲ ಹೆಪ್ಪುಗಟ್ಟುತ್ತೆ, ಇಲ್ಲಾ ತೊಳೀದೆ ಅಟ್ಟದ ಮೇಲೆ ಎಸೆದು ಒಣಗಿ ಕಟ್ಕೊಳುತ್ತೆ. ಆ ನಂಬರ್ ನೋಡಿ ದುಡ್ಡು ಜಾಸ್ತಿ ಕೊಡ್ಬೇಡಿ, ಹಿಂದಿಂದ ನೀರು ಹೊಡೆದು ತೊಳೆಯೋಕೆ ಬರುತ್ತಾ ಅದನ್ನ ನೋಡಿ.

ಕೊಳವಿ_ಕಾಕಾ
ಅದನ್ನ ನಾನು ಹೇಳಬೇಕಂತ ಬಂದೆ ನೋಡ್ರಿ. ಬ್ಯಾಕ್‌ಫ್ಲಶ್ ಮಾಡ್ರಿ, ದಿನಾ ಮಾಡ್ರಿ, ಕಟ್ಟಿಕೊಂಡ ಮ್ಯಾಲೆ ಅಲ್ಲ. ಸೋಸಿದ ನೀರಿನಿಂದನ ಮಾಡಬೇಕು ಮತ್ತ, ಹೊಳಿ ನೀರು ಹಿಂದಿಂದ ಹೊಡದ್ರ ಹೊಲಸು ಸ್ವಚ್ಛ ಕಡೆಗೇ ಹೋಗ್ತದ. ಗ್ರಾವಿಟಿಯೊಳಗ ಇದು ಭಾಳ ಸಲೀಸು ಐತಿ, ತುಂಬಿದ ಕೆಳಗಿನ ಚೀಲಾನ ಮ್ಯಾಲೆ ಎತ್ತಿ ಹಿಡದ್ರ ನೀರು ತಿರುಗಿ ಹೋಗಿ ಫಿಲ್ಟರ್ ತೊಳೀತದ, ಸಿರಿಂಜ್ ಬ್ಯಾಡ ಏನು ಬ್ಯಾಡ. ಅದಕ್ಕ ಕೆಳಗ ಕ್ಯಾನ್ ಬದಲಿ ಚೀಲ ಇಡ್ರಿ ಅಂತೀನಿ ನಾ.

ಇನ್ನೊಂದು ಮಾತು, ಪೈಪಿಗೆ ಗುರುತು ಹಾಕ್ರಿ. ಹೊಲಸು ಕಡೆಗೆ ಕೆಂಪು ಟೇಪ್. ನಮ್ಮ ತಮ್ಮ ಕತ್ತಲಾಗ ಎರಡೂ ಪೈಪ್ ಅದಲುಬದಲು ಮಾಡಿ ಹಚ್ಚಿದ್ದ, ಮುಂಜಾನೆತನಕ ಎಲ್ಲಾರೂ ಅದನ್ನ ಕುಡದ್ವಿ. ಏನಾತು ಅಂತ ಕೇಳಬ್ಯಾಡ್ರಿ. ಅವನೊಬ್ಬಂಗ ಏನೂ ಆಗ್ಲಿಲ್ಲ, ಅದು ಇನ್ನೂ ಸಿಟ್ಟು ಬರ್ತದ.

ಜೋಳಿಗೆ_ಬೇಟೆಗಾರ
😂😂 ಕಾಕಾ

ಮಂಜಿನದಾರಿ
ನಂಗೊಂದು ಡೌಟು. ಫಿಲ್ಟರ್ ಪೈಪಿನ ಮೇಲ್ಗಡೆ ಇರ್ಬೇಕಾ ಕೆಳಗಡೆನಾ? ನಂದು ಚೀಲಕ್ಕೇ ನೇರ ತಿರುಗಿಸಿದೀನಿ, ತೊಟ್ಟು ತೊಟ್ಟು ಬರುತ್ತೆ.

ಹರಿವಿನಹುಚ್ಚ
ಚೀಲಕ್ಕೆ ತಿರುಗಿಸಿ ಅದರ ಬಾಯಿಂದ ನೇರ ಬಿಟ್ರೆ ನಿಮಗೆ ಸಿಗೋ ಎತ್ತರ ಬರೀ ಚೀಲದ ಉದ್ದ ಅಷ್ಟೇ, ಒಂದು ಗೇಣು. ಫಿಲ್ಟರ್ ಕೆಳಗೆ ಪೈಪ್ ಸೇರಿಸಿ, ಪೈಪ್ ತುಂಬ ನೀರಿದ್ರೆ ಅದು ಕೆಳಗಿಂದ ಎಳೆಯುತ್ತೆ. ಲೆಕ್ಕಕ್ಕೆ ಬರೋದು ನೀರಿನ ಮಟ್ಟಕ್ಕೂ ಕೊನೆ ಬಾಯಿಗೂ ನಡುವಿನ ಎತ್ತರ, ಫಿಲ್ಟರ್ ನಡುವೆ ಎಲ್ಲಿದ್ರೂ ಪರವಾಗಿಲ್ಲ. ಆದ್ರೆ ಕೆಳಗಿದ್ರೆ ಗಾಳಿ ಸಿಕ್ಕಾಕ್ಕೊಳ್ಳೋ ತಲೆನೋವು ಕಮ್ಮಿ. ಒದ್ದೆ ಆದ ರಂಧ್ರದಲ್ಲಿ ಗಾಳಿ ತೂರಲ್ಲ ಅಂತ ಗಾಳಿಗಂಟು ಹೇಳಿದ್ರಲ್ಲ, ಅದೇ ಗುಣ ಇಲ್ಲಿ ಶತ್ರು, ಗಾಳಿಗುಳ್ಳೆ ಬಂದು ಕೂತ್ರೆ ನೀರು ನಿಂತೇ ಹೋಗುತ್ತೆ, ಜನ ಫಿಲ್ಟರ್ ಕಟ್ಕೊಂಡಿದೆ ಅಂತ ಬೈತಾರೆ. ಕೆಳಗಿನ ಬಾಯಿ ಒಂದ್ಸಲ ಮೇಲೆತ್ತಿ ಗುಳ್ಳೆ ಚೀಲಕ್ಕೆ ವಾಪಸ್ ಹೋಗೋಕೆ ಬಿಡಿ, ಆಮೇಲೆ ಇಳಿಸಿ.

ಕೆರೆಯಂಚು
ಎಲ್ರೂ ಹೊಳೆ ಹೊಳೆ ಅಂತಿದೀರಿ, ನಮಗೆ ಸಿಗೋದು ನಿಂತ ನೀರು. ಹಸಿರು ಪಾಚಿ ಬಣ್ಣ ಬಳಿದಂಗೆ ಇರುತ್ತೆ. ಈ ಫಿಲ್ಟರ್ ನಡೆಯುತ್ತಾ?

ಲ್ಯಾಬ್‌ಕೋಟು
ಬಣ್ಣ ಬಳಿದಂಗೆ ಇದ್ರೆ ಆ ನೀರೇ ಬೇಡ. ಅದು ನೀಲಿಹಸಿರು ಪಾಚಿ ಆಗಿದ್ರೆ ವಿಷ ನೀರಲ್ಲಿ ಕರಗಿರುತ್ತೆ, ಹಾಲೋ ಫೈಬರ್ ತಡೆಯಲ್ಲ, ಕುದಿಸಿದ್ರೂ ಹೋಗಲ್ಲ. ಹೊಲಕ್ಕೆ ಹೊಡೆದ ಔಷಧಿ, ಗಣಿ ಕಾರ್ಖಾನೆ ನೀರು, ಉಪ್ಪುನೀರು ಇವಕ್ಕೂ ಇದೇ ಉತ್ತರ. ಕಾರ್ಬನ್ ಸೇರಿಸಿದ್ರೆ ವಾಸನೆ ರುಚಿ ಸುಧಾರಿಸುತ್ತೆ, ಕೆಲವು ರಾಸಾಯನಿಕ ಸ್ವಲ್ಪ ಹಿಡಿಯುತ್ತೆ, ಅದನ್ನ ನಂಬ್ಕೊಂಡು ಕೆಟ್ಟ ನೀರಿಗೆ ಕೈ ಹಾಕಬಾರದು.

ಬರೀ ಮಣ್ಣು ಕದಡಿದ ನೀರಾದ್ರೆ ಒಂದು ಬಕೆಟ್‌ನಲ್ಲಿ ಒಂದೆರಡು ಗಂಟೆ ಬಿಟ್ಟು ಮೇಲಿನ ತಿಳಿ ಮಾತ್ರ ದಪ್ಪ ಬಟ್ಟೇಲಿ ಸೋಸಿ ಚೀಲಕ್ಕೆ ಹಾಕಿ. ಫಿಲ್ಟರ್ ಆಯಸ್ಸು ಅಲ್ಲೇ ಉಳಿಯೋದು.

ದೊಡ್ಡಚೀಲ
ಕಟ್ಟಿ ನೋಡಿದೆ. ಎರಡನೇ ಮಹಡಿ ಬಾಲ್ಕನಿಯಿಂದ ಪೈಪ್ ಇಳಿಸಿ. ಪೈಪೇ ಕಿತ್ಕೊಂಡು ಹಾರಿ ಕೆಳಗಿನ ಮನೆಯೋರ ಬಟ್ಟೆ ಮೇಲೆ ನೀರು. ಎತ್ತರನೇ ಸರಿ, ಒಪ್ಕೊಂಡೆ.

ಹರಿವಿನಹುಚ್ಚ
ನಾನು ಇನ್ನೊಂದು ಕೊಂಬೆ ಅಂದಿದ್ದು 😭

ಟೆಂಟ್‌ಗುಬ್ಬಿ
ಎಲ್ರಿಗೂ ಥ್ಯಾಂಕ್ಸ್. ಹೋದ ವಾರ ಹೋಗಿ ಬಂದ್ವಿ. ಹೊಸ ಫಿಲ್ಟರ್ ತಗೊಳ್ಳಲಿಲ್ಲ, ಹಳೇದನ್ನೇ ಬ್ಯಾಕ್‌ಫ್ಲಶ್ ಮಾಡಿ 6 ಲೀಟರ್ ಚೀಲ, ಒಂದೂವರೆ ಮೀಟರ್ ಪೈಪು, ಕೆಂಪು ಟೇಪು (ಕಾಕಾ ಹೆಸರಲ್ಲಿ). ಮೊದಲನೇ ಸಲ ಕೂಡಿಸಿದಾಗ ಜಾಯಿಂಟಲ್ಲಿ ಸೋರ್ತು, ಅರ್ಧ ಗಂಟೆ ತಲೆ ಕೆಡಿಸ್ಕೊಂಡು ಬಿಚ್ಚಿ ನೋಡಿದ್ರೆ ಒಳಗಿನ ರಬ್ಬರ್ ವಾಷರ್ರೇ ಇಲ್ಲ, ಮನೆ ಸಿಂಕಲ್ಲಿ ತೊಳೀವಾಗ ಬಿದ್ದೋಗಿದೆ. ದೊಡ್ಡ ಮಗಳು ಅವಳ ವಾಟರ್ ಬಾಟಲಿಯ ಮುಚ್ಚಳದ್ದು ಕಿತ್ತು ಹಾಕಿದ್ಳು, ಕೂತ್ಕೊಂತು. ಆಮೇಲೆ 6 ಲೀಟರ್ ಇಳಿಯೋಕೆ ಹನ್ನೆರಡು ಹದಿಮೂರು ನಿಮಿಷ, ನಾನು ಮುಟ್ಟಿಲ್ಲ.

ಈಗ ಆ ಬಾಟಲಿ ಸೋರುತ್ತೆ.

ಜೋಳಿಗೆ_ಬೇಟೆಗಾರ
ವಾಷರ್ ಒಂದೆರಡು ಎಕ್ಸ್‌ಟ್ರಾ ಯಾವಾಗ್ಲೂ ಇಟ್ಕೊಳಿ ಅಕ್ಕ. ಯಜಮಾನ್ರು ಈ ಸಲ ಏನು ಮಾಡ್ತಿದ್ರು?

ಟೆಂಟ್‌ಗುಬ್ಬಿ
ಪಕ್ಕದಲ್ಲೇ ಕೂತು ನೀರು ಇಳಿಯೋದು ನೋಡ್ತಿದ್ರು.